ಉಸ್ತಾದರು ತಿನ್ನದ ಝಿಂಗಾ

ಕಣ್ಣು ಇನ್ನು ಹೊಗೆ ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮಾಂಸ ಚುಚ್ಚಿ ಸುಡುವ ಸೀಖು ಕೆಳಗಿಟ್ಟು ಆಳಂದದ ಮನೆ ಸೇರಿದ್ದೇನೆ. ನಾನು ಕೆಲಸ ಬಿಟ್ಟರೂ ಕೆಲಸ ನನ್ನನ್ನು ಬಿಟ್ಟಿಲ್ಲ. ಹೆದ್ದಾರಿಯಲ್ಲಿ ಧಾಬಾ ಹಾಕುವವರು, ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿ ಇಡುವವರು ಹುಡುಕಿಕೊಂಡು ಬರುತ್ತಾರೆ. ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಊರ ಸುದ್ದಿಯೆಲ್ಲ ಮುಗಿಸಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ ಮಾತು.

"ಚಾಚಾ, ಆ ಝಿಂಗಾಕ್ಕ ಸವರೋ ಪಾಕ ಹ್ಯಾಂಗ ಮಾಡ್ತಿದ್ರಿ?"

ಪಾಕ ಹೇಳುತ್ತೇನೆ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಆ ಪಾಕ ನನಗೆ ಹೇಗೆ ಸಿಕ್ಕಿತು, ಅದರ ದೆಸೆಯಿಂದ ನಾನು ಯಾರ್ಯಾರ ಮುಂದೆ ಹೋಗಿ ಪೆದ್ದನಂತೆ ನಿಂತೆ ಎಂಬುದನ್ನು ಕೇಳುವ ತಾಳ್ಮೆ ಈ ಹುಡುಗರಿಗಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಬೆಂಗಳೂರು, ಕರಾವಳಿಯ ಕಡೆ ಈ ಝಿಂಗಾವನ್ನು ಸಿಗಡಿ ಎನ್ನುತ್ತಾರೆ. ನಮ್ಮಲ್ಲಿ ಸಿಗಡಿ ಎಂದರೆ ಇದ್ದಿಲ ಒಲೆ. ಸಿಗಡಿಯ ಮೇಲೆ ಸಿಗಡಿ ಸುಟ್ಟೆ ಎಂದು ಬರೆದರೆ ಓದಿದವರು ನನಗೆ ಅರಳುಮರಳು ಎಂದಾರು. ಹಾಗಾಗಿ ತಿನ್ನುವುದನ್ನು ನಮ್ಮ ಮಂದಿ ಕರೆಯುವಂತೆ ಝಿಂಗಾ ಎಂದೂ, ಒಲೆಯನ್ನು ಸಿಗಡಿ ಎಂದೂ ಬರೆಯುತ್ತೇನೆ.

ನಾನು ಕೆಲಸ ಕಲಿತದ್ದು ಆಳಂದದ ಖಾಸಿಂಸಾಬ ಉಸ್ತಾದರ ಕೈಕೆಳಗೆ. ಕುರಿಯ ಖೀಮಾದ ಸೀಖ್ ಕಬಾಬಿನಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ನನಗೆ ಚಿಕ್ಕಂದಿನಿಂದಲೂ ಕೇಳುವ ಚಟ. ಖೀಮಾ ಸೀಖಿಗೆ ಹೇಗೆ ಅಂಟಿಕೊಳ್ಳುತ್ತದೆ, ಇದ್ದಿಲು ಬೂದಿ ಹೊದ್ದ ಮೇಲೇ ಯಾಕೆ ಮಾಂಸ ಇಡಬೇಕು, ಕಚ್ಚಾ ಪಪ್ಪಾಯಿ ಹಚ್ಚಿದರೆ ಮಾಂಸ ಯಾಕೆ ಮೆತ್ತಗಾಗುತ್ತದೆ, ಎಲ್ಲವನ್ನೂ ಕೇಳುತ್ತಿದ್ದೆ. "ಮೌಲಾ, ನಿನ್ನ ಬಾಯಿ ಬೀಸಣಿಕಿಗಿಂತ ಜೋರ ಆಡ್ತದ ನೋಡು" ಎಂದು ಅವರು ಗದರುತ್ತಿದ್ದರು. ಗದರಿದ ಮೇಲೆ ಉತ್ತರವನ್ನೂ ಹೇಳುತ್ತಿದ್ದರು. ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಸೀಖಿನವರಲ್ಲಿ ಒಂದು ರೂಢಿ ಇತ್ತು. ಕಲಿತವನು ತಾನೇ ಸಿಗಡಿ ಹಚ್ಚಿ, ಕಸುಬಿನ ನಾಲ್ಕು ಜನರೆದುರು ಉಸ್ತಾದರಿಗೆ ಉಣಬಡಿಸಬೇಕು. ಉಸ್ತಾದರು ಒಂದು ಸೀಖು ತಿಂದು ಕೈ ಒರೆಸಿಕೊಂಡು ಎದ್ದರೆ ಇನ್ನೂ ಕಲಿಯುವುದಿದೆ ಎಂದರ್ಥ. "ಇನ್ನೊಂದು ಹಾಕು" ಎಂದರೆ ಕೈ ಒಪ್ಪಿದರು ಎಂದರ್ಥ. ಕೈ ಒಪ್ಪದವನು ಎಷ್ಟೇ ಚೆನ್ನಾಗಿ ಸುಟ್ಟರೂ ಕೂಲಿಯವನೇ. ಮದುವೆ ಮನೆಯವರು ಅವನನ್ನು ಕರೆಯುವುದಿಲ್ಲ, ಅವನ ಹತ್ತಿರ ಕಲಿಯಲು ಯಾರೂ ಬರುವುದಿಲ್ಲ. ಈಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನನಗೆ ಆಗ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

ನನ್ನ ಸರದಿ ಬಂದಾಗ ಖೀಮಾದ ಸೀಖನ್ನೇ ಕೊಟ್ಟೆ. ಉಸ್ತಾದರು ನಿಧಾನವಾಗಿ ತಿಂದರು. ಮುಖ ಅರಳಿತು. ಇನ್ನೇನು ಕೇಳುತ್ತಾರೆ ಎಂದುಕೊಂಡೆ. ಅವರು ಕೈ ಒರೆಸಿಕೊಂಡು ಎದ್ದರು.

"ಛಲೋ ಅದ. ಆದ್ರ ಇದು ನನ್ನ ಕೈ. ನಿನ್ನ ಕೈ ಎಲ್ಲದ?"

ಆ ಮಾತು ಅನೇಕ ವರ್ಷ ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಸಿಟ್ಟಿನಿಂದಲ್ಲ, ನನ್ನ ಕೈ ಎಂದರೆ ಏನು ಎಂಬ ಕುತೂಹಲದಿಂದಲೇ ಆಳಂದ ಬಿಟ್ಟೆ. ಅಫಜಲಪುರದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಜೇವರ್ಗಿಯ ಹೆದ್ದಾರಿಯ ಧಾಬಾಕ್ಕೆ ಸೇರಿದೆ.

ಧಾಬಾದ ಮಾಲೀಕರು ಶಿವಶರಣಪ್ಪ ಸಾವ್ಕಾರರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಾಂಸ ಮುಟ್ಟುವವರಲ್ಲ. ಧಾಬಾದಲ್ಲಿ ಎರಡು ಅಡುಗೆಮನೆ. ನಮ್ಮ ಅಡುಗೆಮನೆಯ ಹೊಸ್ತಿಲನ್ನು ಅವರು ಎಂದೂ ದಾಟಿದವರಲ್ಲ. ಏನಿದ್ದರೂ ಕಿಟಕಿಯ ಹೊರಗೆ ನಿಂತೇ ಮಾತು. ರುಚಿ ನೋಡದ ಮಾಲೀಕರ ಕೆಳಗೆ ಅಡುಗೆಯವನು ಆರಾಮಾಗಿ ಇರಬಹುದು ಎಂದುಕೊಂಡಿದ್ದೆ. ಅದು ಸುಳ್ಳಾಯಿತು. ಅವರು ಗಿರಾಕಿಗಳ ಮುಖ ಓದುತ್ತಿದ್ದರು, ಎತ್ತಿದ ತಟ್ಟೆಗಳನ್ನು ಓದುತ್ತಿದ್ದರು. "ಮೌಲಾ, ಮೂಲಿ ಟೇಬಲ್ಲಿನವ್ರು ಅರ್ಧಾ ಬಿಟ್ಟಾರ. ಯಾಕ?" ಎಂದು ಕಿಟಕಿಯಿಂದ ಕೇಳುತ್ತಿದ್ದರು.

ಭೀಮಾ ನದಿಗೆ ಬ್ಯಾರೇಜ್ ಆಗಿ ನೀರು ನಿಲ್ಲತೊಡಗಿದ ಮೇಲೆ ಮೀನಿನ ಜೊತೆ ಝಿಂಗಾ ಕೂಡ ಬಲೆಗೆ ಬೀಳುತ್ತಿತ್ತು. ಅಫಜಲಪುರ ತಾಲೂಕಿನ ಹೊಳೆದಂಡೆಯ ಅಂಬಿಗರ ಮನೆಯ ಭೀಮವ್ವ ಒದ್ದೆ ಗೋಣಿ ಹೊದಿಸಿದ ಬುಟ್ಟಿ ಹೊತ್ತು ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಒಂದು ದಿನ ಬುಟ್ಟಿಯ ತಳದಿಂದ ಮೀಸೆಯುಳ್ಳ, ಗಾಜಿನಂಥ ಮೈಯ ಝಿಂಗಾ ತೆಗೆದು ತೋರಿಸಿದಳು. ನಾನು ಅದನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಕಾಲು ಎಷ್ಟಿವೆ, ಕಣ್ಣು ಎಲ್ಲಿದೆ, ಇದರ ಹೊಟ್ಟೆ ಯಾವುದು? ಭೀಮವ್ವನಿಗೆ ಬೇಸರ ಬಂತು. "ಲಗ್ನಕ್ಕ ಹೆಣ್ಣ ನೋಡಾಕ ಬಂದಿಯೇನೋ ತಮ್ಮಾ? ತಗೋತಿದ್ರ ತಗೋ" ಎಂದಳು. ತಗೊಂಡೆ.

ಮೊದಲ ಪ್ರಯೋಗದ ಕಥೆ ಹೇಳಿದರೆ ಈಗಲೂ ನಗುತ್ತಾರೆ. ನಾನು ಕಲಿತದ್ದು ಕುರಿಮಾಂಸ. ಕುರಿಮಾಂಸಕ್ಕೆ ಕಚ್ಚಾ ಪಪ್ಪಾಯಿ ಅರೆದು ಹಚ್ಚಿ ನೆನೆಸಿಡಬೇಕು, ಇದು ಕೈಗೆ ಕೂತ ಪಾಠ. ಝಿಂಗಾಕ್ಕೂ ಅದನ್ನೇ ಹಚ್ಚಿಟ್ಟೆ. ಸಂಜೆ ಕಲಬುರಗಿಯಿಂದ ಕಾರಿನಲ್ಲಿ ಬಂದ ಒಂದು ತಂಡ ಕುಳಿತಿತ್ತು. ಸೀಖಿಗೆ ಚುಚ್ಚುವಾಗಲೇ ಅನುಮಾನ ಬಂತು, ಬೆರಳಿಗೆ ಬೆಣ್ಣೆಯಂತೆ ಹತ್ತುತ್ತಿತ್ತು. ಕೆಂಡದ ಮೇಲೆ ಇಟ್ಟದ್ದೇ ತಡ, ಒಂದೊಂದಾಗಿ ಜಾರಿ ಕೆಳಗೆ ಬಿದ್ದವು. ಕೊನೆಗೆ ಕೈಯಲ್ಲಿ ಬರೀ ಸೀಖು ಉಳಿಯಿತು. ಕುಣಿಯಲು ಬಾರದವಳು ಅಂಗಳ ಡೊಂಕು ಎಂದಳಂತೆ. ಇದ್ದಿಲು ಹಸಿ ಇದೆ ಎಂದು ನಾನು ಗೊಣಗಿದೆ.

ಕಿಟಕಿಯಲ್ಲಿ ಸಾವ್ಕಾರರ ಮುಖ ಕಂಡಿತು. "ಮೌಲಾ, ಗಿರಾಕಿಗೆ ಉಣಸಾಕತ್ತೀಯೋ, ಕೆಂಡಕ್ಕ ಉಣಸಾಕತ್ತೀಯೋ?"

ಮರುದಿನ ಭೀಮವ್ವನ ಮುಂದೆ ಹೇಳಿಕೊಂಡೆ. ಅವಳು ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದೇನು ಕುರಿ ಅಂತ ತಿಳಿದ್ಯಾ? ಅದಕ್ಕ ಬೆಂಕಿ ತೋರಿಸಿದ್ರ ಸಾಕು. ಬಾಗಿದ್ರ ಬೆಂದದ, ಉಂಗುರ ಆದ್ರ ಕೆಟ್ಟದ." ನನ್ನ ಕಸುಬಿನಲ್ಲಿ ಕೇಳಿದ ಅತಿ ಚಿಕ್ಕ ಪಾಠ ಅದು. ಈಗ ಬರುವ ಹುಡುಗರಿಗೂ ಅಷ್ಟನ್ನೇ ಹೇಳುತ್ತೇನೆ. ಬಾಗಿದ ಕೂಡಲೇ ತೆಗೆಯಿರಿ. ತಲೆ ಬಾಲ ಕೂಡಿ ಉಂಗುರವಾಯಿತೆಂದರೆ ರಬ್ಬರ್ ಅಗಿದ ಹಾಗೆ.

ಆಮೇಲೆ ಇನ್ನೊಂದು ತೊಡಕು. ಸೀಖನ್ನು ತಿರುಗಿಸಿದರೆ ಸೀಖು ಮಾತ್ರ ತಿರುಗುತ್ತಿತ್ತು, ಝಿಂಗಾ ಮಗ್ಗುಲು ಬದಲಿಸದೆ ಕೆಳಮುಖವಾಗಿಯೇ ತೂಗುತ್ತಿತ್ತು. ಒಂದು ಕಡೆ ಕರಕು, ಇನ್ನೊಂದು ಕಡೆ ಹಸಿ. ಇದು ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡು ಹೊರಗೆ ಕುಳಿತಿದ್ದಾಗ ಧಾಬಾಕ್ಕೆ ಸುಣ್ಣ ಹೊಡೆಯಲು ಬಂದವರ ಏಣಿ ಗೋಡೆಗೆ ಒರಗಿತ್ತು. ನೋಡುತ್ತ ನೋಡುತ್ತ ಹೊಳೆಯಿತು. ಎರಡು ತೆಳ್ಳನೆಯ ಸೀಖು ಜೊತೆಯಾಗಿ ಹಿಡಿದು, ಏಣಿಯ ಮೆಟ್ಟಿಲಿನಂತೆ ಝಿಂಗಾ ಚುಚ್ಚಿದೆ. ತಿರುಗಿಸಿದರೆ ಎಲ್ಲವೂ ಒಟ್ಟಿಗೆ ತಿರುಗಿದವು. ಆ ದಿನ ನನಗಾದ ಸಂತೋಷಕ್ಕೆ ಸುಣ್ಣದವರಿಗೆಲ್ಲ ಚಹಾ ಕುಡಿಸಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಇನ್ನು ಪಾಕ. ಸಾವ್ಕಾರರ ಹೊಲ ಅಫಜಲಪುರದ ಕಡೆ ಇತ್ತು. ಅಲ್ಲಿಯ ಗಾಣದಿಂದ ಜೇನಿನಂತೆ ಹರಿಯುವ ಜೋನಿ ಬೆಲ್ಲ ಬರುತ್ತಿತ್ತು. ಬೆಲ್ಲ ಹಚ್ಚಿ ಸುಟ್ಟರೆ ಹೊಳಪು ಬರಬಹುದು ಎನ್ನಿಸಿ, ಮೊದಲೇ ಸವರಿ ಕೆಂಡಕ್ಕಿಟ್ಟೆ. ಬೆಲ್ಲ ಹೊತ್ತಿ ಕಹಿಯಾಯಿತು, ಒಳಗೆ ಹಸಿ ಉಳಿಯಿತು. ಹಾಗೆ ಕಲಿತೆ: ಮೊದಲು ಅರಿಶಿಣ, ಉಪ್ಪು, ಕುಸುಬಿ ಎಣ್ಣೆ ಹಚ್ಚಿ ಸುಡಬೇಕು. ಮೈ ಬಾಗುತ್ತಿದೆ ಎನ್ನುವಾಗ ಪಾಕ ತೆಳ್ಳಗೆ ಸವರಿ, ತಿರುಗಿಸಿ, ಇನ್ನೊಮ್ಮೆ ತೆಳ್ಳಗೆ ಸವರಿ ಇಳಿಸಬೇಕು. ಒಮ್ಮೆಗೇ ದಪ್ಪ ಬಳಿದರೆ ಅದು ಪಾಕವಲ್ಲ, ಗೋಡೆಗೆ ಮೆತ್ತುವ ಗಿಲಾಯ.

ಆದರೂ ಬರೀ ಬೆಲ್ಲ. ಒಬ್ಬ ಲಾರಿ ಡ್ರೈವರ್ ಒಂದು ಕಚ್ಚಿ, "ಇದೇನ್ರಿ, ಬೆಲ್ಲದುಂಡಿ ಮಾಡೀರೇನು?" ಎಂದ. ಹುಣಸೆಹುಳಿ ಸೇರಿಸಿದೆ. ಬಳ್ಳೊಳ್ಳಿ, ಒಣಖಾರ, ಹುರಿದ ಜೀರಿಗೆ ಸೇರಿಸಿದೆ. ಸಿಹಿ ಒಂದು ಕಡೆ, ಖಾರ ಒಂದು ಕಡೆ, ಸಿಟ್ಟಾದ ಅತ್ತೆ ಸೊಸೆಯಂತೆ ಕುಳಿತಿದ್ದವೇ ಹೊರತು ಕೂಡಲಿಲ್ಲ. ಕೊನೆಗೆ ಭೀಮವ್ವ ಉಪ್ಪು ಹಾಕಿ ಒಣಗಿಸಿದ ಸಣ್ಣ ಝಿಂಗಾ ಒಂದು ಹಿಡಿ ಕೊಟ್ಟಳು. ಅದನ್ನು ಹುರಿದು ಪುಡಿ ಮಾಡಿ ಪಾಕಕ್ಕೆ ಹಾಕಿದೆ. ಅವತ್ತು ಸಾವ್ಕಾರರು ಕಿಟಕಿಗೆ ಬಂದರು.

"ತಟ್ಟಿ ಒಳಗ ಬಾಲ ಅಷ್ಟ ಉಳದಾವ" ಎಂದರು. "ಒಬ್ಬಾಂವ ಬಾಲಾನೂ ಚೀಪಾಕತ್ತಾನ. ಏನ್ ಹಾಕಿದ್ಯೋ ಮಾರಾಯ?"

ಆಗ ನನಗೆ ಗೊತ್ತಾಯಿತು, ನನ್ನ ಕೈ ಎಂದರೆ ಇದು. ಉಸ್ತಾದರಿಗೆ ಹೇಳಿ ಕಳಿಸಿದೆ. ಅವರು ಕಸುಬಿನ ನಾಲ್ಕು ಜನರೊಂದಿಗೆ ಬಂದರು. ಸಿಗಡಿ ಹಚ್ಚಿದೆ. ಗಾಳಿ ಅವರ ಕಡೆ ಬೀಸಿದ ಕೂಡಲೇ ಎದ್ದು ಕುರ್ಚಿಯನ್ನು ಆಚೆ ದೂರಕ್ಕೆ ಒಯ್ದು ಇಟ್ಟುಕೊಂಡರು. ತಟ್ಟೆ ಒಯ್ದರೆ, "ಇದು ನಾ ತಿನ್ನಂಗಿಲ್ಲಪಾ" ಎಂದಷ್ಟೇ ಹೇಳಿ ಚಹಾ ಕುಡಿದು ಹೊರಟುಬಿಟ್ಟರು. ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ಕೂಡಿದ್ದ ಸೀಖಿನವರು ತಮ್ಮತಮ್ಮಲ್ಲೇ ತೀರ್ಮಾನಿಸಿದರು: ನಮ್ಮ ಧರ್ಮದಲ್ಲಿ ನೀರಿನ ಜೀವಿಗಳ ಪೈಕಿ ಮೀನೊಂದೇ ಹಲಾಲ್ ಎನ್ನುವವರಿದ್ದಾರೆ, ಝಿಂಗಾ ಮೀನಲ್ಲ, ಅದಕ್ಕೇ ಉಸ್ತಾದರು ಮುಟ್ಟುವುದಿಲ್ಲ, ಹಳೆಯ ಕಾಲದ ಕಟ್ಟುನಿಟ್ಟಿನವರು.

ನಾನು ಸುಮ್ಮನಿರಬೇಕಿತ್ತು. ಆದರೆ ಕೇಳುವ ಚಟದವನು ಹೇಗೆ ಸುಮ್ಮನಿರುತ್ತಾನೆ? ಅದು ಮೀನು ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಉಸ್ತಾದರು ತಿನ್ನುತ್ತಾರೆ, ನನ್ನ ಕೈ ಒಪ್ಪುತ್ತಾರೆ ಎಂಬ ಆಸೆ. ಮೊದಲು ಮಸೀದಿಯ ಹಜರತ್ತರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡು, ಹಿರಿಯರಲ್ಲಿ ಇದರ ಬಗ್ಗೆ ಎರಡು ಮಾತಿದೆ, ತಿನ್ನುವವರೂ ಇದ್ದಾರೆ, ಬಿಡುವವರೂ ಇದ್ದಾರೆ, ತಿಂದವರೊಡನೆ ಬಿಟ್ಟವರು ಜಗಳ ಮಾಡಬಾರದು ಎಂದರು. ಒಳ್ಳೆಯ ಮಾತು, ಆದರೆ ನನ್ನ ಕೆಲಸಕ್ಕೆ ಬರಲಿಲ್ಲ. ಭೀಮವ್ವನನ್ನು ಕೇಳಿದರೆ, "ಬಲಿಗೆ ಬಿದ್ದದ್ದೆಲ್ಲಾ ಮೀನೇ. ಒಮ್ಮೆ ಒಂದು ಚಪ್ಪಲಿ ಬಿದ್ದಿತ್ತು, ಅದೊಂದ ಬಿಟ್ಟು" ಎಂದಳು. ಕಡಗಂಚಿಯ ಕಡೆಯಿಂದ ವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮೇಡಂ ಒಬ್ಬರಿದ್ದರು. ಅವರು ಪಾಪ, ಊಟ ಆರುವವರೆಗೆ ಬಿಡಿಸಿ ಹೇಳಿದರು. ಮೀನಿಗೆ ಬೆನ್ನೆಲುಬು ಇದೆ, ಝಿಂಗಾಕ್ಕೆ ಇಲ್ಲ, ಅದು ಏಡಿಯ ಬಳಗ. "ಮೀನಲ್ರಿ ಅದು. ಬೇಜಾರಾತೇನ್ರಿ?" ಎಂದು ಕೇಳಿದರು. ಬೇಜಾರಾದದ್ದು ನಿಜ. ಆದರೆ ಏಡಿಯ ಬಳಗ ಎಂದು ತಿಳಿದದ್ದು ಎಷ್ಟು ಹಿತವೆನ್ನಿಸಿತೆಂದರೆ, ಆ ವಾರವೆಲ್ಲ ಏಡಿ ಝಿಂಗಾ ಎರಡನ್ನೂ ಪಕ್ಕದಲ್ಲಿಟ್ಟು ಕಾಲುಗಳನ್ನು ಹೋಲಿಸಿ ನೋಡಿದೆ. ಸಾವ್ಕಾರರನ್ನೂ ಕೇಳದೆ ಬಿಡಲಿಲ್ಲ. "ನನಗ ಎರಡೂ ಒಂದೇ. ಎರಡೂ ತಿನ್ನಂಗಿಲ್ಲ" ಎಂದು ಕಿಟಕಿಯಿಂದ ಸರಿದರು.

ಹೀಗೆ ದಿನ ಕಳೆದವು. ಈ ನಡುವೆ ಕೆಲಸದ ರೀತಿಯೂ ಬದಲಾಯಿತು. ಬೀಸಣಿಗೆ ಹೋಗಿ ಕರೆಂಟಿನ ಬ್ಲೋವರ್ ಬಂತು. ಬೀಸಣಿಗೆ ಬೇಕಾದಲ್ಲಿ ಬೇಕಾದಷ್ಟೇ ಗಾಳಿ ಕೊಡುತ್ತದೆ, ಬ್ಲೋವರಿಗೆ ಆ ವಿವೇಕ ಇಲ್ಲ. ಬೂದಿಯನ್ನೆಲ್ಲ ಝಿಂಗಾದ ಮೈಮೇಲೆ ಹಾರಿಸುತ್ತದೆ. ಮಂಜುಗಡ್ಡೆಯಲ್ಲಿ ಬರುವ ಕೆರೆಯ ಝಿಂಗಾ ಬಂತು. ಅದರ ನೀರು ಪೂರ್ತಿ ಒರೆಸದೆ ಕೆಂಡಕ್ಕಿಟ್ಟರೆ ಸುಡುವುದಿಲ್ಲ, ಕುದಿಯುತ್ತದೆ. ಬಾಟಲಿಯಲ್ಲಿ ಬಂದ ಸಿಹಿ ಸಾಸನ್ನೂ ಒಮ್ಮೆ ಬಳಸಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಹೊಳಪು ಚೆನ್ನಾಗಿತ್ತು. ರುಚಿಯಲ್ಲಿ ಮಾತ್ರ ಎಲ್ಲ ಊರಿನದೂ ಒಂದೇ.

ಒಂದು ಚಳಿಗಾಲ ಜೇವರ್ಗಿಯಲ್ಲಿ ನೆಂಟರ ಮದುವೆಗೆ ಉಸ್ತಾದರು ಬಂದರು. ಆಳಂದದ ಹಳೆಯ ಸೀಖಿನವರೂ ಜೊತೆಗಿದ್ದರು. ಸಂಜೆ ಎಲ್ಲರೂ ಧಾಬಾಕ್ಕೆ ಬಂದರು. ಉಸ್ತಾದರಿಗೆ ಆಗಲೇ ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ನಾನು ಕುರ್ಚಿಯನ್ನು ಗಾಳಿಯ ಆಚೆಗೆ ಹಾಕಿದೆ. ಅವರು ಅದನ್ನು ಎಳೆದು ಸಿಗಡಿಯ ಪಕ್ಕಕ್ಕೇ ತಂದು ಕುಳಿತರು.

"ಊರೆಲ್ಲಾ ಕೇಳ್ಯಾಡಿದ್ಯಂತ? ಹಜರತ್ತರಿಗೆ ಕೇಳಿದಿ, ಕಾಲೇಜಿನ ಮೇಡಂಗ ಕೇಳಿದಿ. ನನಗ್ಯಾಕ ಕೇಳಲಿಲ್ಲ?"

"ನಿಮಗ ಏನಂತ ಕೇಳ್ಲಿ, ಉಸ್ತಾದ?"

"ಯಾಕ ತಿನ್ನಂಗಿಲ್ಲ ಅಂತ."

ಎಲ್ಲವನ್ನೂ ಕೇಳುತ್ತಿದ್ದ ನಾನು ಇದೊಂದನ್ನು ಕೇಳಿರಲಿಲ್ಲ. ಉಸ್ತಾದರು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. ಹರೆಯದಲ್ಲಿ ಹೈದರಾಬಾದಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಝಿಂಗಾ ತಿಂದಿದ್ದರು. ತಿಂದ ಸ್ವಲ್ಪ ಹೊತ್ತಿಗೇ ತುಟಿ ಬಾತು, ಗಂಟಲು ಕಟ್ಟಿ, ಮೈಯೆಲ್ಲ ದದ್ದೆದ್ದು ದವಾಖಾನೆ ಸೇರಬೇಕಾಯಿತು.

"ಅದು ಮೀನಾದ್ರೂ ಅಷ್ಟ, ಹುಳಾ ಆದ್ರೂ ಅಷ್ಟ. ನನ್ನ ಮೈಗೆ ವಿಷ. ಮಂದಿ ಮಾತ್ರ ಮುದುಕ ಭಾಳ ಕಟ್ಟುನಿಟ್ಟು ಅಂತ ತಿಳಕೊಂಡ್ರು. ಮರ್ಯಾದಿ ಕೊಡೋವಾಗ ಯಾರ ಬ್ಯಾಡ ಅಂತಾರ? ಸುಮ್ಮನಿದ್ದೆ."

ಆಳಂದದವರು ನಗಲೂ ಆಗದೆ ಬಿಡಲೂ ಆಗದೆ ಮುಖ ಮುಖ ನೋಡಿಕೊಂಡರು. ಉಸ್ತಾದರು ಬುಟ್ಟಿಯಲ್ಲಿದ್ದ ಉಳ್ಳಾಗಡ್ಡಿಯ ಕಡೆ ಕೈ ತೋರಿಸಿದರು.

"ಇದನ್ನ ಸುಡು. ನಿನ್ನ ಪಾಕ ಸವರು. ಹೊಸಾ ಸೀಖು, ಹೊಸಾ ಬ್ರಷ್. ಪಾಕದಾಗ ಏನೇನದ?"

ಬೆಲ್ಲ, ಹುಣಸೆ, ಬಳ್ಳೊಳ್ಳಿ ಎಂದು ಹೇಳುತ್ತ ಬಂದವನು ಒಮ್ಮೆಗೇ ನಿಂತೆ. ಒಣ ಝಿಂಗಾದ ಪುಡಿ. ನನ್ನ ಪಾಕದ ಜೀವವೇ ಅದು. ಹೇಳಿದೆ. ಉಸ್ತಾದರು ತಲೆಯಾಡಿಸಿ, "ಹಂಗಾದ್ರ ಬ್ಯಾರೆ ಮಾಡು. ನಾ ಕೂತಿರ್ತೇನಿ" ಎಂದರು.

ಅಷ್ಟು ಜನರೆದುರು, ವರ್ಷಗಟ್ಟಲೆ ಪಳಗಿಸಿದ ಪಾಕವನ್ನು ಪಕ್ಕಕ್ಕಿಟ್ಟು, ಹೊಸ ಪಾತ್ರೆಯಲ್ಲಿ ಬೆಲ್ಲ ಕಾಯಿಸಲು ನಿಂತೆ. ಪುಡಿ ಇಲ್ಲದೆ ಸಿಹಿ ಖಾರ ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಇದೊಂದು ಸಲ ಅವರು ಕೈ ಒರೆಸಿಕೊಂಡು ಎದ್ದರೆ ಮತ್ತೊಂದು ಸಲ ಅವರ ವಯಸ್ಸಿಗೆ ಇಲ್ಲ. ಕಿಟಕಿಯಲ್ಲಿ ಸಾವ್ಕಾರರು ನಿಂತಿದ್ದರು. ನಮ್ಮ ಮಾತು ಕೇಳಿಸಿಕೊಂಡು ಒಳಗೆ ಹೋಗಿ ತಮ್ಮ ಕಡೆಯ ಅಡುಗೆಮನೆಯಿಂದ ಅಗಸಿ ಹಿಂಡಿಯ ಡಬ್ಬಿ ತಂದು ಕಿಟಕಿಯೊಳಗಿಂದ ಚಾಚಿದರು. ರೊಟ್ಟಿಯ ಜೊತೆ ನಾವು ದಿನವೂ ತಿನ್ನುವ, ಹುರಿದ ಅಗಸಿಯ ಚಟ್ನಿಪುಡಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಪಾಕಕ್ಕೆ ಸುರಿದೆ. ಕದಡಿ ನೋಡಿದೆ. ಆಶ್ಚರ್ಯ, ಪಾಕ ಕೂಡಿಕೊಂಡಿತು.

ಉಳ್ಳಾಗಡ್ಡಿಯನ್ನು ದಪ್ಪಗೆ ಹೆಚ್ಚಿ ಹೊಸ ಸೀಖಿಗೆ ಚುಚ್ಚಿದೆ. ಸಿಗಡಿಯ ಆಚೆ ಮಗ್ಗುಲಲ್ಲಿ ಗಿರಾಕಿಗಳ ಝಿಂಗಾ ಬೇಯುತ್ತಲೇ ಇತ್ತು, ಹೊಗೆ ಉಸ್ತಾದರ ಮುಖಕ್ಕೇ ಬಡಿಯುತ್ತಿತ್ತು. ಅವರು ಕದಲಲಿಲ್ಲ. ನನ್ನ ಕೈಯನ್ನೇ ನೋಡುತ್ತ ಕುಳಿತರು. ಅಂಚು ಕೆಂಪಾದಾಗ ಪಾಕ ಸವರಿದೆ, ತಿರುಗಿಸಿದೆ, ಮತ್ತೆ ಸವರಿ ತಟ್ಟೆಗಿಳಿಸಿದೆ. ಅವರು ಒಂದೊಂದೇ ಪದರ ಬಿಡಿಸಿ ತಿಂದರು. ತಿಂದು ಮುಗಿಸಿ ಬೆರಳು ನೆಕ್ಕಿದರು.

"ಇನ್ನೊಂದು ಹಾಕು."

ಅವತ್ತು ನನಗಾದ ಸಂತೋಷವನ್ನು ಬರೆಯಲು ಬರುವುದಿಲ್ಲ. ಸಾವ್ಕಾರರು ಹೊಸ್ತಿಲಿನ ಹೊರಗೆ ನಿಂತೇ ಎಲ್ಲರಿಗೂ ಪೇಡೆ ಹಂಚಿಸಿದರು.

ಮರುದಿನ ಬೆಳಿಗ್ಗೆ ಉಸ್ತಾದರ ಕಾಲು ಮುಟ್ಟಿ ಬರಲು ನೆಂಟರ ಮನೆಗೆ ಹೋದೆ. ಬಾಗಿಲಲ್ಲೇ ಅವರ ಹೆಂಡತಿ, ನಮ್ಮ ಚಾಚಿ, ತಡೆದರು. ಅವರ ಕಣ್ಣು ಕೆಂಪಾಗಿದ್ದವು.

"ರಾತ್ರೆಲ್ಲಾ ಮೈ ಕೆರ್ಕೊಂಡು ಮಲಗಿಲ್ಲ ನೋಡಪಾ. ಮುಖ ಬಾತದ. ಡಾಕ್ಟರ್ ಬಂದು ಸೂಜಿ ಮಾಡಿ ಹೋಗ್ಯಾರ. ಆ ಹೊಗಿ ಬಡದ್ರೂ ಹಿಂಗ ಆಗ್ತದಂತ ಇವರಿಗೆ ಗೊತ್ತಿತ್ತು. ದೂರ ಕೂಡ್ರಿ ಅಂತ ಹೇಳೇ ಕಳಿಸಿದ್ದೆ. ಹುಡುಗನ ಕೈ ನೋಡಬೇಕಾದ್ರ ಬಾಜೂಕ ಕೂಡಬೇಕು, ದೂರಿಂದ ಏನ್ ಕಾಣ್ತದ ಅಂದ್ರು."

ಒಳಗೆ ಹೋದೆ. ಉಸ್ತಾದರು ಗೋಡೆಗೆ ಒರಗಿ ಕುಳಿತಿದ್ದರು. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಕತ್ತು, ತೋಳುಗಳ ಮೇಲೆಲ್ಲ ಕೆಂಪು ದದ್ದು. ನಾನು ಅವರ ಕಾಲ ಬಳಿ ಕುಳಿತು ಅತ್ತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಮೌಲಾ ಎನ್ನಲಿಲ್ಲ.

"ಏನ್ರೀ ಉಸ್ತಾದ," ಎಂದರು, "ಉಪ್ಪು ಒಂಚೂರು ಕಮ್ಮಿ ಆಗಿತ್ತಲ್ಲ?"